ನಮ್ಮ ಕಡೆಯಿಂದ ಹೋಗಿದೆ

ಬಿಳೇಕಹಳ್ಳಿಯ ಹಳೇ ಊರಿಗೂ ಹೊಸ ಲೇಔಟಿಗೂ ನಡುವೆ ಸಿಕ್ಕಿಕೊಂಡಿರುವ ಬೀದಿ ನಮ್ಮದು. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಬೆಳಗ್ಗೆ ಐದರಿಂದ ಎಂಟರೊಳಗೆ ಯಾವಾಗಲೋ ಬಂದು, ಒಂದು ಗಂಟೆ ಇದ್ದು, ಹೋಗುತ್ತದೆ. ವಾಲ್ವ್ ತಿರುಗಿಸಲು ಬರುವ ಅಣ್ಣ ತನ್ನ ಉದ್ದನೆಯ ಕಬ್ಬಿಣದ ಕೀಲಿಯಿಂದ ಲೈಟ್ ಕಂಬಕ್ಕೆ ನಾಲ್ಕೇಟು ಬಾರಿಸುತ್ತಿದ್ದ. ನೀರು ಬಂತೆಂದು ಬೀದಿಗೆಲ್ಲ ತಿಳಿಯುತ್ತಿತ್ತು. ಆ ಸದ್ದನ್ನು ನಿಲ್ಲಿಸಿದ ಪುಣ್ಯಾತ್ಮ ನಾನೇ.

ನಾನು ಮೊಬೈಲ್ ಆ್ಯಪ್ ಬರೆಯುವವನು. ಅಸೋಸಿಯೇಷನ್ನಿನವರು "ಬೆಳಬೆಳಗ್ಗೆ ಏನ್ರೀ ಇದು ಠಣ್ ಠಣ್ ಅಂತ" ಎಂದು ಗೊಣಗಿದಾಗ, ಯಾರೂ ಕೇಳದಿದ್ದರೂ ಎದ್ದು ನಿಂತು, "ಒಂದು ಆ್ಯಪ್ ಮಾಡ್ಕೊಡ್ತೀನಿ ಬಿಡಿ" ಎಂದುಬಿಟ್ಟೆ. ಅಣ್ಣ ತನ್ನ ಫೋನಿನಲ್ಲಿ ಒಂದು ಬಟನ್ ಒತ್ತಿದರೆ ಸಾಕು, ಎಲ್ಲರ ಫೋನೂ 'ನೀರು ಬಂದಿದೆ' ಎಂದು ಸದ್ದು ಮಾಡಬೇಕು. ಸಂದೇಶ ಮುಟ್ಟಿಸುವ ಕೆಲಸವನ್ನು ಫೋನಿನ ಕಂಪನಿಯ ಸೇವೆಯೊಂದು ತೆರೆಮರೆಯಲ್ಲಿ ಮಾಡುತ್ತದೆ. ಅದನ್ನು ಆ್ಯಪಿಗೆ ಜೋಡಿಸುವುದಷ್ಟೇ ನನ್ನ ಪಾಲಿನದು. ಆ ಸೇವೆ ಪ್ರತಿ ಫೋನಿಗೂ ಒಂದು ವಿಳಾಸ ಕೊಡುತ್ತದೆ. ಫೋನ್ ಬದಲಾದರೆ ವಿಳಾಸವೂ ಬದಲಾಗುತ್ತದೆ, ಹೊಸದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಅದಕ್ಕೆ ಹತ್ತು ಸಾಲಿನ ಕೋಡ್ ಬೇಕಿತ್ತು. 'ಆಮೇಲೆ ಮಾಡೋಣ' ಎಂದು ಅಲ್ಲೇ ಒಂದು ಟಿಪ್ಪಣಿ ಹಾಕಿ ಬಿಟ್ಟೆ. ನನ್ನ ಫೋನಿಗೆ ಸಖತ್ತಾಗಿ ಬರುತ್ತಿತ್ತಲ್ಲ, ಇನ್ನೇನು ಬೇಕಿತ್ತು ನನಗೆ!

ಬೀದಿಯ ಕೊನೆಯ ಮನೆಯಲ್ಲಿ ದೋಸೆ ಹಿಟ್ಟು ಮಾಡಿ ಮಾರುವ ಆಂಟಿ ಇದ್ದಾರೆ. ಇದೇ ಊರಿನವರು, ನನ್ನ ಮನೆಯಿರುವ ಜಾಗದಲ್ಲಿ ಒಂದು ಕಾಲಕ್ಕೆ ಅವರ ಮಾವ ರಾಗಿ ಬೆಳೆಯುತ್ತಿದ್ದರಂತೆ. ಅವರದು ಸಂಪ್ ಇಲ್ಲದ ಹಳೇ ಮನೆ. ಗೇಟಿನ ಪಕ್ಕದ ಗುಂಡಿಯೊಳಗಿನ ನಲ್ಲಿಗೆ ಪೈಪ್ ಸಿಕ್ಕಿಸಿ, ನಿಂತು, ಡ್ರಮ್ ತುಂಬಿಸಿಕೊಳ್ಳಬೇಕು. ಬೋರ್ ನೀರಿನಲ್ಲಿ ರುಬ್ಬಿದರೆ ಹಿಟ್ಟು ಸರಿಯಾಗಿ ಉಬ್ಬುವುದಿಲ್ಲ ಎನ್ನುತ್ತಾರೆ. ಗಂಡ ಹೋದ ಮೇಲೆ ಮನೆ ನಡೆಯುತ್ತಿರುವುದು ಮೂರು ಅಂಗಡಿಗಳಿಗೆ ಹಾಕುವ ಆ ಹಿಟ್ಟಿನಿಂದ.

ಹುಳಿಮಾವಿನಲ್ಲಿರುವ ಮಗಳು ಅವರಿಗೆ ಹೊಸ ಫೋನ್ ಕೊಡಿಸಿ, ಹಳೆಯದರಲ್ಲಿದ್ದುದನ್ನೆಲ್ಲ ಅದಕ್ಕೆ ದಾಟಿಸಿಕೊಟ್ಟಳು. ಆ್ಯಪ್ ಎಂದಿನಂತೆ ತೆರೆದುಕೊಂಡಿತು, ಹೆಸರೂ ಮನೆ ನಂಬರೂ ಸರಿಯಾಗಿಯೇ ಇದ್ದವು. ಸಂದೇಶ ಮಾತ್ರ ನಿಂತಿತು. ಮೂರು ಸಲ ನೀರು ತಪ್ಪಿತು, ಬೋರ್ ನೀರಿನಲ್ಲೇ ರುಬ್ಬಿದರು, ಒಂದು ಅಂಗಡಿಯವನು ಇನ್ನು ಬೇಡ ಎಂದ.

ಅಸೋಸಿಯೇಷನ್ ಮೀಟಿಂಗಿನ ದಿನ ಮಧ್ಯಾಹ್ನವೇ ಆಂಟಿ ನನ್ನ ಬಳಿ ಬಂದು ವಿಷಯ ಹೇಳಿ ಹೋಗಿದ್ದರು. ಲ್ಯಾಪ್‌ಟಾಪ್ ತೆಗೆದು, ಸಂದೇಶ ಯಾರ್ಯಾರಿಗೆ ಮುಟ್ಟಿದೆ ಎಂದು ತೋರಿಸುವ ಪಟ್ಟಿ ನೋಡಿದೆ. ಅವರ ಸಾಲು ಕೆಂಪಗಿತ್ತು: ಇಂಥ ವಿಳಾಸವೇ ಇಲ್ಲ. ಒಂದೇ ನಿಮಿಷದಲ್ಲಿ ಎಲ್ಲ ಅರ್ಥವಾಯಿತು. ಇದನ್ನು ಒತ್ತಿ ಹೇಳಬೇಕು, ಆಗ ನನಗೆ ಗೊತ್ತಿತ್ತು.

ಸಂಜೆ ಟೆರೇಸಿನ ಮೇಲೆ ಬೀದಿಯವರೆಲ್ಲ ಸೇರಿದ್ದರು. ಆಂಟಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದರು. "ನಂಗೆ ಬರ್ತಾನೇ ಇಲ್ಲ ಕಣಪ್ಪಾ. ಮೂರು ಸಲ ನೀರು ತಪ್ಪೋಯ್ತು."

ಎಲ್ಲರೂ ನನ್ನ ಕಡೆ ತಿರುಗಿದರು. ಸ್ವಲ್ಪ ಹೊತ್ತಿಗೆ ಮುಂಚೆ ಇವರೇ ಆ್ಯಪ್ ಮಾಡಿಕೊಟ್ಟಿದ್ದಕ್ಕೆ ನನಗೆ ಚಪ್ಪಾಳೆ ತಟ್ಟಿದ್ದರು. "ನಮ್ಮ ಕಡೆಯಿಂದ ಹೋಗಿದೆ ಆಂಟಿ. ನೀವೇ ಎಲ್ಲೋ ಏನೋ ಆಫ್ ಮಾಡಿರ್ತೀರಾ, ನೋಡಿ" ಎಂದೆ.

ಥೂ, ನನ್ನ ಬಾಯಿಗಿಷ್ಟು! ಹೋಗಿದ್ದೇನೋ ನಿಜ. ಯಾರೂ ಇಲ್ಲದ ವಿಳಾಸಕ್ಕೆ ಹೋಗಿತ್ತು. ಕಾರ್ಯದರ್ಶಿಗಳು ನಕ್ಕು, "ಸ್ಮಾರ್ಟ್ ಫೋನ್ ಸಹವಾಸ ನಿಮಗ್ಯಾಕೆ ಬೇಕಿತ್ತು ಆಂಟಿ" ಎಂದರು. ಎಲ್ಲರೂ ನಕ್ಕರು. ಆಂಟಿಯೂ ನಕ್ಕು, "ಹೂಂ ಮತ್ತೆ, ನನ್ ಬೆರಳು ಎಲ್ಲೆಲ್ಲೋ ತಾಗ್ತದೆ" ಎಂದು ಕೂತುಬಿಟ್ಟರು. ನಾನೂ ಸ್ವಲ್ಪ ನಕ್ಕೆ.

ಮಾರನೆಯ ದಿನ ಆ ಹತ್ತು ಸಾಲು ಬರೆದೆ. ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಯಾರಿಗೂ ಹೇಳಲಿಲ್ಲ. ವಾರದೊಳಗೆ ಅವರ ಸಾಲು ಹಸಿರಾಯಿತು, ಪ್ರತಿ ಸಲವೂ 'ತಲುಪಿದೆ' ಎಂದು ತೋರಿಸತೊಡಗಿತು. ಸದ್ದಿಲ್ಲದೆ ತಿದ್ದಿಬಿಟ್ಟರೆ ತಪ್ಪು ಆಗಿಯೇ ಇಲ್ಲ ಎಂದುಕೊಂಡು ಒಂದು ತಿಂಗಳು ಆರಾಮಾಗಿದ್ದೆ.

ಆಮೇಲೊಂದು ಬೆಳಗ್ಗೆ ವಾಕಿಂಗ್ ಹೊರಟಾಗ ನೋಡುತ್ತೇನೆ, ಆಂಟಿ ಸ್ವೆಟರ್ ಹಾಕಿಕೊಂಡು ಗೇಟಿನ ಮುಂದಿನ ಕಲ್ಲಿನ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಖಾಲಿ ಡ್ರಮ್.

"ಮೆಸೇಜ್ ಬರುತ್ತಲ್ಲ ಆಂಟಿ, ಚಳೀಲಿ ಯಾಕೆ ಕೂತಿದ್ದೀರಾ?"

"ಆ ಫೋನ್ ಮಗಳಿಗೇ ವಾಪಸ್ ಕೊಟ್ಬಿಟ್ಟೆ ಕಣಪ್ಪಾ. ನಂಗದು ಆಗ್‌ಬರಲ್ಲ. ಐದಕ್ಕೇ ಬಂದು ಕೂತ್ಕೊಂಡ್ಬಿಡ್ತೀನಿ, ಯೋಚ್ನೆ ಇಲ್ಲ. ಆ ಫೋನು ಅಲ್ಲಿ ಹುಳಿಮಾವಲ್ಲಿ ದಿನ ಬಿಟ್ಟು ದಿನ ನೀರು ಬಂತು, ನೀರು ಬಂತು ಅಂತ ಬಡ್ಕೊಳ್ತದಂತೆ. ಮಗಳು ನಗ್ತಾಳೆ."

ನನ್ನ ಹಸಿರು ಸಾಲು ತಲುಪುತ್ತಿದ್ದುದು ಅಲ್ಲಿಗೆ. ಅಲ್ಲೇ ನಿಂತು ಎಲ್ಲ ಹೇಳಿದೆ. ತಪ್ಪು ನನ್ನದು, ನೀವು ಏನೂ ಆಫ್ ಮಾಡಿರಲಿಲ್ಲ, ಅವತ್ತು ಮಧ್ಯಾಹ್ನವೇ ನನಗೆ ಗೊತ್ತಾಗಿತ್ತು ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಬಿಡಪ್ಪಾ" ಎಂದರು. "ನನ್ ಮನ್ಸು ನೋಯ್ಬಾರ್ದು ಅಂತ ಹಿಂಗೆ ಹೇಳ್ತಿದೀಯ. ಅಷ್ಟು ಜನದ ಮುಂದೆ ನೀನೇ ಹೇಳಿದ್ಯಲ್ಲ ನಾನೇ ಆಫ್ ಮಾಡಿರೋದು ಅಂತ. ಓದ್ದೋನು, ನೀನು ಸುಳ್ಳು ಹೇಳ್ತೀಯಾ?"

ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಜೇಬಿನಲ್ಲಿ ಫೋನ್ ಸದ್ದು ಮಾಡಿತು. ಆಂಟಿ ಮಂಡಿ ಹಿಡಿದುಕೊಂಡು ಎದ್ದರು.

"ಬಂತಾ?"

"ಬಂತು ಆಂಟಿ" ಎಂದೆ. ಅದನ್ನು ಮಾತ್ರ ನಂಬಿದರು.