ಒರತೆಯ ಮೇಲೆ ತೊಳೆದ ಡ್ರಮ್ಮು

ಖಾಲಿ ಡ್ರಮ್ಮು ಉರುಳುವ ಸದ್ದು ಕೇಳಿದರೆ ಈಗಲೂ ಕೈಯ ಕೆಲಸ ಬಿಟ್ಟು ತಿರುಗಿ ನೋಡುತ್ತೇನೆ. ಮೂರು ವರ್ಷವಾಯಿತು.

ಭೀಮನಬೀಡಿನ ಹತ್ತಿರ, ಹಳ್ಳದ ದಡಕ್ಕೇ ಚಿಕ್ಕಪ್ಪನ ಹೊಲ. ಅರಿಶಿನದ ಬಿತ್ತನೆ ಗೆಡ್ಡೆಗಳನ್ನು ಡ್ರಮ್ಮಿನಲ್ಲಿ ಕಲಸಿದ ಕೀಟನಾಶಕದ ನೀರಿನಲ್ಲಿ ಅದ್ದಿ ನೆಟ್ಟು ಮುಗಿಸಿದ್ದೆವು. ಚಿಕ್ಕಪ್ಪ ಡ್ರಮ್ಮನ್ನು ಹಳ್ಳಕ್ಕೆ ಉರುಳಿಸಿ, ತಳದಲ್ಲಿ ಉಳಿದದ್ದನ್ನು ಚೆಲ್ಲಿ ತೊಳೆದರು. ಹತ್ತೇ ಹೆಜ್ಜೆ ಕೆಳಗೆ ಚಿಕ್ಕಮ್ಮನ ಒರತೆ. ಮರಳಿನಲ್ಲಿ ಕೈಯಿಂದ ತೋಡಿದ ಗುಳಿ. ಹೊಲಕ್ಕೆ ಬಂದವರು ಕುಡಿಯುವುದು ಅದರ ನೀರನ್ನೇ.

ನಾನು ಒರತೆಯ ಕಡೆ ನೋಡಿದ್ದನ್ನು ಚಿಕ್ಕಪ್ಪ ಗಮನಿಸಿದರು.

"ಮರಳು ಸೋಸ್ಬುಡ್ತದೆ ಕಣ್ಲಾ. ಓದ್ದೋನು, ಅಷ್ಟೂ ಗೊತ್ತಿಲ್ವಾ?"

ಆಳುಗಳು ನಕ್ಕರು. ಚಾಮರಾಜನಗರದ ಕಾಲೇಜಿನಲ್ಲಿ ನಾನು ಓದಿದ್ದು ರಸಾಯನಶಾಸ್ತ್ರ. ಮರಳು ಕೆಸರನ್ನು ಹಿಡಿಯುತ್ತದೆ, ಕರಗಿದ ವಿಷವನ್ನಲ್ಲ ಎಂದು ಗೊತ್ತಿತ್ತು. ಆದರೂ ಎಲ್ಲರ ಜೊತೆ ನಕ್ಕುಬಿಟ್ಟೆ.

ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ ಒರತೆಯ ಬಳಿ ಬಗ್ಗಿ ನಾಲ್ಕು ಬೊಗಸೆ ನೀರು ಕುಡಿದರು. ಊಟದ ಹೊತ್ತಿಗೆ ಬೆವರು, ವಾಂತಿ. "ಕಣ್ಣು ಮಂಜಾಯ್ತದೆ ಕಣಪ್ಪ" ಎಂದು ನನ್ನ ತೋಳು ಹಿಡಿದುಕೊಂಡರು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಗುಂಡ್ಲುಪೇಟೆಯ ಆಸ್ಪತ್ರೆ ತಲುಪುವವರೆಗೂ ಗೂಡ್ಸ್ ಆಟೋದಲ್ಲಿ ಚಿಕ್ಕಪ್ಪನದು ಒಂದೇ ಮಾತು: "ಮರಳು ಸೋಸ್ತಿತ್ತಲ್ಲಾ, ಸೋಸ್ತಿತ್ತಲ್ಲಾ..."

ಚಿಕ್ಕಮ್ಮ ಐದು ದಿನದ ಮೇಲೆ ಮನೆಗೆ ಬಂದರು.

ಆಮೇಲೆ ಯಾರೂ ಹೇಳದೆಯೇ ಚಿಕ್ಕಪ್ಪ ಹಳ್ಳದ ಪಕ್ಕ ಎಂಟು ಅಡಿ ನೆಲ ಉಳದೆ ಬಿಟ್ಟು, ಹರಿದುಬರುವ ಮಣ್ಣನ್ನು ತಡೆಯುವ ಲಾವಂಚದ ಹುಲ್ಲು ನೆಟ್ಟರು. ಡ್ರಮ್ಮು ಈಗ ಹಳ್ಳಕ್ಕೆ ಇಳಿಯುವುದಿಲ್ಲ. ತೊಳೆದ ನೀರು ಹಳ್ಳದಿಂದ ದೂರ, ತಮ್ಮದೇ ಹೊಲದೊಳಕ್ಕೆ ಹೋಗುತ್ತದೆ. ಪಕ್ಕದ ಹೊಲದವನು ಬದುವಿನ ಮೇಲೆ ನಿಂತು ರೇಗಿಸಿದ:

"ಏನ್ಲಾ, ನೆಲ ಎಚ್ಚಾಗೋಯ್ತಾ ನಿಂಗೆ?"

"ಊ ಕಣ್ಲಾ, ನೆಲ ಎಚ್ಚಾಗದೆ. ಎಂಡ್ತಿ ಒಬ್ಳೇ ಇರೋದು."

ಮರುವರ್ಷ ಮಳೆಗಾಲದಲ್ಲಿ ಅದೇ ಮನುಷ್ಯ ಲಾವಂಚದ ಬುಡ ಕೇಳಿಕೊಂಡು ಬಂದ. ಹಳ್ಳದ ಗುಂಟ ಅವನಿಗಿಂತ ಮೇಲಿರುವ ಹೊಲಗಳವರು ಇನ್ನೂ ಬಂದಿಲ್ಲ.

ಈ ಸಲ ಮಳೆ ಬಿದ್ದ ಮೇಲೆ ಹಳ್ಳದ ನೀರು ಮೊದಲಿನಷ್ಟು ಕೆಂಪಗಿರಲಿಲ್ಲ. ಚಿಕ್ಕಮ್ಮ ಮೂರು ವರ್ಷದ ನಂತರ ಮತ್ತೆ ಒರತೆ ತೋಡಿದರು. ಕಲಕು ನಿಲ್ಲುವವರೆಗೆ ಕಾದು, ಒಂದು ಬೊಗಸೆ ಎತ್ತಿ ನನ್ನ ಕಡೆ ತಿರುಗಿದರು.

"ಓದ್ದೋನೇ, ಯೋಳು. ಕುಡೀಲಾ?"

ನೀರು ತಿಳಿಯಾಗಿತ್ತು. ಆವತ್ತೂ ತಿಳಿಯಾಗಿಯೇ ಇತ್ತು. ಚಿಕ್ಕಪ್ಪ ಕುಡುಗೋಲು ಹಿಡಿದು ನಿಂತಿದ್ದರು, ಆಳುಗಳು ನೋಡುತ್ತಿದ್ದರು.

"ಬೇಡ ಚಿಕ್ಕಮ್ಮ," ಎಂದೆ. "ಮೇಲಿನವರು ಇನ್ನೂ ಹಳ್ಳದಲ್ಲೇ ತೊಳೀತಾರೆ."

ಯಾರೂ ನಗಲಿಲ್ಲ. ಚಿಕ್ಕಮ್ಮ ಬೊಗಸೆಯ ನೀರನ್ನು ಲಾವಂಚದ ಬುಡಕ್ಕೆ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡರು. ಚಿಕ್ಕಪ್ಪ ನಾಲ್ಕು ಬುಡ ಕಿತ್ತು ಟವೆಲ್ಲಿನಲ್ಲಿ ಸುತ್ತಿ, ಹಳ್ಳದ ಗುಂಟ ಮೇಲಿನ ಹೊಲಗಳ ಕಡೆ ನಡೆದರು.