ಮನೇಲಿ ಏನಂತ ಕರೀತಾರೆ?

ಹಲಸೂರಿನ ಆ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಅವರು ಹಿರಿಯ ನರ್ಸ್, ನಾನು ಕೋರ್ಸ್ ಮುಗಿಸಿ ಆಗಷ್ಟೇ ಬಂದವಳು. ಆಪರೇಷನ್ನಿಗೆ ಬಂದ ಪ್ರತಿ ನಾಯಿ, ಬೆಕ್ಕಿನ ಮನೆಯವರನ್ನೂ ಅವರು ಕೇಳುತ್ತಿದ್ದ ಮಾತು ಒಂದೇ: "ಮನೇಲಿ ಏನಂತ ಕರೀತೀರಾ?"

ಸೇರಿದ ದಿನ ನನ್ನನ್ನೂ ಕೇಳಿದರು. ತಮಾಷೆಯೆಂದುಕೊಂಡು, ನಾಚುತ್ತಲೇ ಹೇಳಿದೆ: "ಪಾಪಚ್ಚಿ."

ಅರಿವಳಿಕೆ ಇಳಿಯುವ ಹೊತ್ತಿಗೆ ಅವರು ನೆಲದ ಮೇಲೆ ಕಾಲು ಚಾಚಿ ಕೂತು, ಪ್ರಾಣಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿಯ ಬುಡದಲ್ಲಿ ಬೆರಳಾಡಿಸುತ್ತಿದ್ದರು. ಆಮೇಲೆ ಏಳು ಅಂತ ಆ ಮನೆಯ ಭಾಷೆಯಲ್ಲೇ ಕರೆಯುವರು. ಶಿವಾಜಿನಗರದ ಬೆಕ್ಕಿಗೆ "ಉಠ್ ಜಾ, ಮುನ್ನಿ." ಪಕ್ಕದ ಬೀದಿಯ ತಮಿಳರ ಮನೆಯ ನಾಯಿಗೆ "ಎಂದಿರಿಡಾ, ರಾಜಾ." ಹಸಿರು ಪರದೆಯ ಮಸುಕು ಬೆಳಕಿನಲ್ಲಿ ಅವು ಕೆರೆಯ ತಳದಿಂದ ಮೇಲೇಳುವ ಮೀನಿನಂತೆ ಮೆಲ್ಲಗೆ ಈಚೆ ಬರುತ್ತಿದ್ದವು.

"ಎಲ್ಲೋ ದೂರ ಹೋಗಿರ್ತಾವೆ ಕಣೇ. ಗೊತ್ತಿರೋ ದನಿ ಕೇಳಿದ್ರೆ ದಾರಿ ಸಿಗುತ್ತೆ."

ನಾನು ಮೊದಲ ಸಲ ಒಂದು ನಾಯಿಯ ಆಪರೇಷನ್ನಿಗೆ ನಿಂತ ಬೆಳಿಗ್ಗೆ ಓದಿದ್ದೆಲ್ಲ ತಲೆಯಲ್ಲಿತ್ತು, ಹೊಟ್ಟೆಯಲ್ಲಿ ಮಾತ್ರ ತಿಂಡಿ ಇರಲಿಲ್ಲ. ಡಾಕ್ಟರು ಕೊನೆಯ ಹೊಲಿಗೆ ಹಾಕುವಾಗ ದೀಪ, ರಕ್ತದ ವಾಸನೆ, ಮಾನಿಟರಿನ ಸದ್ದು ಎಲ್ಲವೂ ಹತ್ತಿಯಂತೆ ಹಗುರಾಗಿ ತೇಲಿಹೋದವು. ನಾನೂ ಅವುಗಳ ಹಿಂದೆಯೇ ಹೋದೆ. ಅಷ್ಟು ದೂರದಲ್ಲೂ ಒಂದು ಭಯ ಜೊತೆಗಿತ್ತು: ನಾಳೆಯಿಂದ ಬರಬೇಡ ಅಂದುಬಿಟ್ಟರೆ?

ಯಾರದೋ ಬೆರಳು ನನ್ನ ಕಿವಿಯ ಬುಡದಲ್ಲಿ ಆಡಿತು.

"ಪಾಪಚ್ಚಿ, ಎದ್ದೇಳೇ. ನಾಯಿ ಏಳೋ ಹೊತ್ತಾಯ್ತು. ಅದನ್ನ ನೀನೇ ಕರೀಬೇಕು."