ಏಳ್ದ್‌ಮ್ಯಾಲೆ ಬುಡಿ

ಮದ್ದೂರಿನ ಸ್ಟೇಷನ್ ರಸ್ತೆಯಲ್ಲಿ ಜಕೀವುಲ್ಲಾ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅದರ ಮೇಲಿನ ರೂಮಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಅವನ ಮಗಳು ಮುಸರತ್‌ಗೆ ಜೊತೆ ಕೆಲಸದವರು ಇಟ್ಟ ಹೆಸರು ಪಂಚಾಯ್ತಿ ಅಕ್ಕ. ಹೆಸರು ತಮಾಷೆಯದು, ಕೆಲಸವಲ್ಲ.

ಕೆರಗೋಡಿನ ಕಡೆಯ ಒಂದು ನಾಲೆಗೆ ಮೋಟರ್ ಗೇಟು ಕೂರಿಸಿದ್ದಾರೆ. ಕಂಪ್ಯೂಟರಿನಲ್ಲಿ ಬರೆದಿಟ್ಟ ಹಾಗೆ ಅದು ತೆರೆದುಕೊಳ್ಳುತ್ತದೆ. ಆ ಬರಹ ತಿದ್ದುವವರು ಮೂವರು: ಮಂಡ್ಯದಲ್ಲಿ ಗಗನ, ಮಳವಳ್ಳಿಯಲ್ಲಿ ಪುನೀತ್, ಇಲ್ಲಿ ಮುಸರತ್. ಮೂವರ ಹತ್ತಿರವೂ ಒಂದೊಂದು ಪ್ರತಿ. ತಿದ್ದಿದ್ದನ್ನೆಲ್ಲ ಒಂದುಗೂಡಿಸುವುದು ಮುಸರತ್ ಪಾಲಿನ ಕೆಲಸ. ಬೇರೆ ಬೇರೆ ಸಾಲು ತಿದ್ದಿದ್ದರೆ ಕಂಪ್ಯೂಟರೇ ಸೇರಿಸಿಕೊಳ್ಳುತ್ತದೆ. ಒಂದೇ ಸಾಲನ್ನು ಇಬ್ಬರು ಎರಡು ಥರ ತಿದ್ದಿದರೋ, ಬದುವಿಗೆ ಕಿತ್ತಾಡುವ ಅಣ್ಣತಮ್ಮಂದಿರನ್ನು ಎದುರುಬದುರು ನಿಲ್ಲಿಸಿದ ಹಾಗೆ ಎರಡನ್ನೂ ಮೇಲೆ ಕೆಳಗೆ ಇಟ್ಟು, ನಡುವೆ ಗೆರೆ ಎಳೆದು ಕೈಕಟ್ಟಿ ಕೂರುತ್ತದೆ. ಕಾನ್‌ಫ್ಲಿಕ್ಟ್ ಅನ್ನುತ್ತಾರೆ ಅದಕ್ಕೆ. ತೀರ್ಪು ಮನುಷ್ಯರೇ ಕೊಡಬೇಕು.

ಹೋದ ತಿಂಗಳು ಹೀಗೇ ಆದಾಗ, ಗಗನ ಹಿರಿಯಳು, ಅವಳದೇ ಸರಿ ಇರಬೇಕು ಎಂದು ಮುಸರತ್ ಯಾರನ್ನೂ ಕೇಳದೆ ಅವಳ ಸಾಲುಗಳನ್ನು ಉಳಿಸಿಕೊಂಡು, ಪುನೀತನ ಮೂರು ದಿನದ ಕೆಲಸವನ್ನು ಅಳಿಸಿಹಾಕಿದ್ದಳು. ಅವನು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಅವತ್ತಿನಿಂದ ಕೇಳದೆ ಒಂದಕ್ಷರ ಮುಟ್ಟಬಾರದು ಅನ್ನುವುದು ಮುಸರತ್ ತನಗೆ ತಾನೇ ಹಾಕಿಕೊಂಡ ಕಟ್ಟಳೆ.

ಬುಧವಾರ ಸಂಜೆ ಐದೂ ಇಪ್ಪತ್ತಕ್ಕೆ ಪರದೆಯ ಮೇಲೆ ಆ ಗೆರೆ ಬಂತು. ಮೊದಲಿನಿಂದ ಇದ್ದ ಸಾಲು, ಆರಕ್ಕೆ ಗೇಟು ತೆರೆ. ಗಗನ ತಿದ್ದಿದ್ದು, ಏಳಕ್ಕೆ ತೆರೆ. ಪುನೀತ್ ತಿದ್ದಿದ್ದು, ಹೇಳುವ ತನಕ ತೆರೆಯಬೇಡ. ಇಬ್ಬರಿಗೂ ಸುದ್ದಿ ಕೊಟ್ಟವನು ನಾಲೆಯ ನೀರು ಹಂಚುವ ನೀರುಗಂಟಿ ಚಿಕ್ಕಣ್ಣ ಒಬ್ಬನೇ. ಊರಿನ ಜನರನ್ನು ಕಟ್ಟಿಕೊಂಡು ಅವನು ಗೇಟಿನಿಂದ ಕೆಳಗೆ, ರಸ್ತೆಯಡಿಯ ಮೋರಿಯೊಳಗೆ ಹೂಳು ತೆಗೆಯುತ್ತಿದ್ದಾನೆ. ಫೋನ್ ಹತ್ತುತ್ತಿಲ್ಲ. ತೀರ್ಪು ಕೊಡದೆ ಸುಮ್ಮನಿದ್ದರೆ ಹಳೆಯ ಸಾಲೇ ನಡೆದು, ಆರಕ್ಕೆ ನೀರು ಅವರ ಮೇಲೆ ನುಗ್ಗುತ್ತದೆ.

ಪುನೀತನಿಗೆ ಫೋನ್ ಮಾಡಿದಳು.

"ಬೆಳಿಗ್ಗೆ ಚಿಕ್ಕಣ್ಣ ಸಿಕ್ಕಿದ್ರು ಅಕ್ಕ. ಕೆಲ್ಸ ಮುಗುದ್ಮೇಲೆ ಫೋನ್ ಮಾಡ್ತೀನಿ, ಆಮೇಲೆ ಬುಡಿ ಅಂದ್ರು."

ಗಗನಳಿಗೆ ಫೋನ್ ಮಾಡಿದರೆ ಅವಳು ಒಪ್ಪಲಿಲ್ಲ. "ನಂಗೆ ಮೂರ್ ಗಂಟೇಲಿ ವಾಯ್ಸ್ ಕಳ್ಸವ್ನೆ ಕಣೆ. ಬೆಳಿಗ್ಗೆದಕ್ಕಿಂತ ಇದೇ ಕೊನೆ ಮಾತು. ಏಳ್ ದಾಟ್ತೋ, ಕೊನೆ ಗದ್ದೆವ್ರಿಗೆ ಈ ಸರದೀಲಿ ನೀರ್ ಸಾಲಲ್ಲ, ಇನ್ನೆಂಟ್ ದಿನ ಕಾಯ್ಬೇಕು. ಸಸಿಮಡಿ ಒಣಗೋಯ್ತದೆ. ನಂದೇ ಇಟ್ಕೊ."

"ಆ ವಾಯ್ಸ್ ನಂಗೂ ಕಳ್ಸಿ ಗಗನಕ್ಕ."

ಟ್ರ್ಯಾಕ್ಟರ್ ಸದ್ದಿನ ನಡುವೆ ಚಿಕ್ಕಣ್ಣನ ದನಿ: "ಆರ್ಕೆ ಬ್ಯಾಡ ಕಣವ್ವ. ಏಳ್ದ್‌ಮ್ಯಾಲೆ ಬುಡಿ ನೀರ."

ಮೂರು ಸಲ ಕೇಳಿದಳು. ಆರಕ್ಕೆ ಬೇಡ, ಏಳರ ಮೇಲೆ. ಇನ್ನೇನು ಬೇಕು? ಗಂಟೆ ಐದೂ ನಲವತ್ತೈದು. ಕೈ ಗಗನಳ ಸಾಲಿನ ಮೇಲೆ ಹೋಯಿತು. ಆದರೂ ಮನಸ್ಸು ಒಪ್ಪಲಿಲ್ಲ.

ಮೂರನೇ ಕ್ಲಾಸು ನೆನಪಾಯಿತು. ಮನೆಯಲ್ಲಿ ಉರ್ದು, ಸ್ಕೂಲಿನಲ್ಲಿ ಕನ್ನಡ. ಮೇಷ್ಟ್ರು ಮಗ್ಗಿ ಕೇಳುತ್ತ "ಏಳಮ್ಮ" ಅಂದಿದ್ದರು. ಹುಡುಗಿ ಎದ್ದು ನಿಂತಳು. "ಏಳಮ್ಮಾ!" ನಿಂತೇ ಇದ್ದಾಳಲ್ಲ, ಇನ್ನೆಷ್ಟು ಏಳುವುದು? ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತ್ತು. ಅವರು ಕೇಳಿದ್ದು ಹೇಳಮ್ಮ ಅಂತ. ಈ ಸೀಮೆಯವರು ಹಕಾರ ನುಂಗುತ್ತಾರೆ ಅಂತ ಅವತ್ತು ಅಳುತ್ತ ಕಲಿತಿದ್ದಳು. ಈ ಮಾತಿನಲ್ಲೇ ಹುಟ್ಟಿ ಬೆಳೆದ ಗಗನಳಿಗೆ ಅದನ್ನು ಕಲಿಯುವ ಪ್ರಮೇಯವೇ ಬಂದಿರಲಿಲ್ಲ.

ಮತ್ತೊಮ್ಮೆ ಕೇಳಿದಳು. ಏಳು ಗಂಟೆ ಅಂತ ಹೇಳಬೇಕಿದ್ದರೆ ಅವನು "ಏಳಾದ್ಮ್ಯಾಲೆ" ಅನ್ನುತ್ತಿದ್ದ. ಅವನು ಅಂದದ್ದು "ಏಳ್ದ್‌ಮ್ಯಾಲೆ".

"ಗಗನಕ್ಕ, ಅದು ಗಂಟೆ ಅಲ್ಲ. ಹೇಳಿದ ಮೇಲೆ ಅಂತ."

"ಆರು ಅಂದ್ಮೇಲೆ ಏಳು ಅಲ್ದೆ ಇನ್ನೇನೆ? ತಪ್ಪಾದ್ರೆ ಗದ್ದೆವ್ರಿಗೆ ನೀನೇ ಉತ್ತರ ಕೊಡ್ಬೇಕು."

"ಕೊಡ್ತೀನಿ. ಮೋರಿ ಒಳಗಿರೋರಿಗೆ ಏನಾದ್ರೂ ಆದ್ರೆ ಯಾರಿಗೆ ಉತ್ತರ ಕೊಡ್ಲಿ ಅಕ್ಕ?"

ಗಗನಳ ಸಾಲು ಅಳಿಸಿದಳು. ಗೆರೆ ಅಳಿಸಿದಳು. ಪುನೀತನ ಸಾಲನ್ನು ಉಳಿಸಿ ಕಳಿಸಿದಾಗ ಆರಕ್ಕೆ ನಾಲ್ಕು ನಿಮಿಷವಿತ್ತು.

ಆರು ಹೊಡೆಯಿತು, ಗೇಟು ಮುಚ್ಚೇ ಇತ್ತು. ಏಳೂ ಆಯಿತು. ಕೊನೆ ಗದ್ದೆಯವರು ಫೋನಿನ ಮೇಲೆ ಫೋನ್ ಮಾಡಿ ಬೈದರು. ಏಳೂ ಹತ್ತಕ್ಕೆ ಗಗನ ಕರೆದು "ನೋಡ್ದಾ?" ಎಂದಷ್ಟೇ ಅಂದು ಇಟ್ಟಳು. ಮುಸರತ್ ಮತ್ತೆ ಮತ್ತೆ ಡಯಲ್ ಮಾಡಿದಳು. ಚಿಕ್ಕಣ್ಣನ ಫೋನ್ ಮಾತ್ರ ಹತ್ತಲೇ ಇಲ್ಲ.

ಏಳೂ ಇಪ್ಪತ್ತೈದಕ್ಕೆ ಅವನೇ ಮಾಡಿದ.

"ಅವ್ವಾ, ಈಗ ಎಲ್ರೂ ಮ್ಯಾಕೆ ಬಂದೋ. ನಮ್ ಜತೆಗಿದ್ದ ಒಂಬಾಳಮ್ಮನ ಕಾಲು ಕಲ್ಲಡಿ ಸಿಗಾಕ್ಕೊಂಡಿತ್ತು. ಏಳ್ ಗಂಟೇಲಿ ಎಂಟ್ ಜನ ಒಳ್ಗೇ ಇದ್ದೋ. ಈಗ ಏಳ್ತಾ ಇವ್ನಿ, ಬುಡು ನೀರ."

ಎಂಟು ಜನ. ಮುಸರತ್ ಯಾಕೆಂದು ತಿಳಿಯದೆ ಕುರ್ಚಿಯಿಂದ ಎದ್ದು ನಿಂತಿದ್ದಳು.

"ಕೇಳುಸ್ತೇನವ್ವ?"

"ಕೇಳುಸ್ತು ಚಿಕ್ಕಣ್ಣ. ಇನ್ನೊಂದ್ ಸಲ ಏಳಿ." ಹಕಾರ ತಾನಾಗಿಯೇ ಬಿದ್ದುಹೋಗಿತ್ತು.

"ಎಷ್ಟ್ ಸಲವ್ವ ಏಳದು! ಬುಡು ಅಂದ್ನಲ್ಲ!"

ಮುಸರತ್ ನಿಂತುಕೊಂಡೇ ಗೇಟು ತೆರೆದಳು.